ಅಪ್‌ಡೇಟ್: 3,000 ಟನ್ನಿನ ಸರಕು ಹಡಗಿಗೆ ಮೊದಲ ಅಳತೆ ಸಿಕ್ಕಿತು

ನನ್ನ ಹಿಂದಿನ ಪ್ರಶ್ನೆ ಇದು: 3,000 ಟನ್ ಡೆಡ್‌ವೇಟ್ (ಸರಕು, ಇಂಧನ ಎಲ್ಲ ಸೇರಿ ಹಡಗು ಹೊರಬಲ್ಲ ತೂಕ), 5 ಮೀಟರ್ ಡ್ರಾಫ್ಟ್ (ಒಡಲು ನೀರಿನಲ್ಲಿ ಮುಳುಗುವ ಆಳ), 11 ನಾಟ್ ವೇಗ ಬೇಕು, ಲೆಕ್ಕ ಉದ್ದದಿಂದ ಶುರು ಮಾಡಲೋ, ತೂಕದಿಂದಲೋ? "ಮೊದಲು ತೂಕ ಹಿಡಿಯಿರಿ" ಅಂದವರಿಗೆಲ್ಲ ಮನಸಾರೆ ಧನ್ಯವಾದ.

ಡೆಡ್‌ವೇಟ್ ಅನುಪಾತ (ತುಂಬಿದ ಹಡಗಿನ ಒಟ್ಟು ತೂಕದಲ್ಲಿ ಅದರ ಪಾಲು) 0.70 ಇಟ್ಟುಕೊಂಡೆ, ಒಟ್ಟು ತೂಕ 4,286 ಟನ್ ಬಂತು. ತೇಲುವ ಹಡಗು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದಲ್ಲ, ಅಗಲ 14 ಮೀಟರ್, ಬ್ಲಾಕ್ ಗುಣಾಂಕ (ಉದ್ದ, ಅಗಲ, ಡ್ರಾಫ್ಟಿನ ಪೆಟ್ಟಿಗೆಯಲ್ಲಿ ಮುಳುಗಿದ ಒಡಲು ತುಂಬುವ ಪಾಲು) 0.75, ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ 1.025 ಟನ್ ಹಿಡಿದರೆ ಉದ್ದ ಹೆಚ್ಚುಕಡಿಮೆ 80 ಮೀಟರ್.

ಆಮೇಲೆ ಉಕ್ಕು, ಎಂಜಿನ್, ಉಳಿದ ಸಜ್ಜು ಎಲ್ಲವನ್ನೂ ಬಿಡಿಬಿಡಿಯಾಗಿ ಕೂಡಿಸಿದಾಗ ಬರಿ ಹಡಗೇ 1,380 ಟನ್ ಆಯಿತು, ಒಟ್ಟು 4,380. ಈ ಹೆಚ್ಚುವರಿಗೆ ಜಾಗ ಹುಡುಕುವುದೇ ನಿಜವಾದ ವಿನ್ಯಾಸ ಅಂತ ನನಗನ್ನಿಸಿದ್ದು ಇಲ್ಲೇ. ಡ್ರಾಫ್ಟ್ ಏರಿಸಲು ಬಂದರಿನ ಆಳ ಬಿಡುವುದಿಲ್ಲ. ಅಗಲ ಹೆಚ್ಚಿಸಿದರೆ ಜಿಎಂ (ಹಡಗಿನ ಸ್ಥಿರತೆಯ ಅಳತೆ) ಏರಿ, ಹಡಗು ಅಲೆಗೆ ಬೇಗಬೇಗ ಹೊಯ್ದಾಡುತ್ತದೆ. ಉದ್ದವಂತೂ ಎಲ್ಲಕ್ಕಿಂತ ದುಬಾರಿ ಅಳತೆ, ಉಕ್ಕಿನ ತೂಕ ಮತ್ತೆ ಏರುತ್ತದೆ. ಹಾಗಾಗಿ ಒಡಲನ್ನೇ ತುಸು ತುಂಬಿಸಿ ಬ್ಲಾಕ್ ಗುಣಾಂಕ 0.763 ಮಾಡಿದೆ. ಫ್ರೂಡ್ ಸಂಖ್ಯೆ (ಹಡಗಿನ ಉದ್ದಕ್ಕೆ ಹೋಲಿಸಿದ ವೇಗದ ಅಳತೆ) ಸುಮಾರು 0.20, ಅದಕ್ಕೆ ತಕ್ಕ ಬ್ಲಾಕ್ ಗುಣಾಂಕವನ್ನು ವಾಟ್ಸನ್-ಗಿಲ್ಫಿಲನ್ ಸೂತ್ರ 0.78 ಕೊಡುತ್ತದೆ, ನನ್ನದು ಅದರೊಳಗೇ ಇದೆ, ಹಾಗಾಗಿ ಧೈರ್ಯವಿದೆ.

ಮುಂದಿನದು ಬ್ಯಾಲಸ್ಟ್ ಸ್ಥಿತಿ. ಸರಕಿಲ್ಲದಾಗ ಪ್ರೊಪೆಲ್ಲರ್ ಪೂರ್ತಿ ಮುಳುಗುವಷ್ಟು ನೀರು ಟ್ಯಾಂಕುಗಳಲ್ಲಿ ಹಿಡಿಯುತ್ತದೆಯೇ ನೋಡಿ ಬರೆಯುತ್ತೇನೆ.