ಬಸ್ ಟಿಕೆಟ್ ಡಬಲ್ ಆಯ್ತು, ಪಾಲಿಕೆ ಬಜೆಟ್‌ನಲ್ಲಿ ನಮ್ಮ ಪರ ಕೇಳುವವರು ಯಾರು? (ಮುಂಬೈ, 2025ರ ಚರ್ಚೆ)

ಭಾಂಡುಪ್ ಅಕ್ಕ:
ನಮಸ್ಕಾರ ಎಲ್ರಿಗೂ. ಒಂದು ವಿಷಯ ತಲೆ ಕೊರೀತಾ ಉಂಟು. ಈ ಮೇ 9ರಿಂದ ಮುಂಬೈ ಸಿಟಿ ಬಸ್ ಓಡಿಸೋ ಬೆಸ್ಟ್‌ನ ಏಸಿ ಬಸ್ಸಿನ ಮಿನಿಮಮ್ ಟಿಕೆಟ್ 6 ಇದ್ದದ್ದು 12 ಆಯ್ತಲ್ಲ, ನಮ್ಮ ಕಡೆ ಬರೋದು ಬರೀ ಏಸಿ ಬಸ್ಸೇ. ನಾನು, ಯಜಮಾನ್ರು, ಕಾಲೇಜಿಗೆ ಹೋಗುವ ಮಗಳು, ಮೂರು ಜನ ದಿನಾ ಸ್ಟೇಷನ್ನಿಗೆ ಹೋಗಿ ಬರೋದು, 26 ದಿನಕ್ಕೆ ಲೆಕ್ಕ ಹಾಕಿದ್ರೆ 936 ರೂಪಾಯಿ ಜಾಸ್ತಿ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ತಿಂಗಳಿಗೆ ಕೊಡೋ ಲಾಡ್ಕಿ ಬಹಿಣ್ ದುಡ್ಡು 1500 ಬರ್ತದೆ, ಅದ್ರಲ್ಲಿ ಉಳಿಯೋದು 564. ಮುಂಬೈ ಪಾಲಿಕೆಯ ಈ ವರ್ಷದ (2025-26) ಬಜೆಟ್ 74,427 ಕೋಟಿ ಅಂತೆ, ಅದ್ರಲ್ಲಿ ಬೆಸ್ಟಿಗೆ ಕೊಟ್ಟದ್ದು 1000 ಕೋಟಿ. ಅಂದ್ರೆ ನೂರು ರೂಪಾಯಿಗೆ ಒಂದೂವರೆ ರೂಪಾಯಿ ಕೂಡ ಇಲ್ಲ. ರಸ್ತೆ ಸೇತುವೆ ಬೇಡ ಅಂತ ಹೇಳ್ತಿಲ್ಲ ನಾನು. ಆದ್ರೆ ಮಾರ್ಚ್ 2022ರಿಂದ ಪಾಲಿಕೆ ಚುನಾವಣೆ ಆಗದೆ ನಮಗೆ ಕಾರ್ಪೊರೇಟರೇ ಇಲ್ಲ, ಬಜೆಟ್ ಮಂಡಿಸೋದೂ ಕಮಿಷನರ್, ಪಾಸ್ ಮಾಡೋದೂ ಅವರೇ, ಮತ್ತೆ ನಾವು ಹೋಗಿ ಕೇಳೋದು ಯಾರ ಹತ್ರ?

ಮಾನಖುರ್ದ್, ಊರು ಯಾದಗಿರಿ:
ಅಕ್ಕಾರ, ನಿಮಗ 564 ಆದ್ರೂ ಉಳೀತದ. ನಮ್ಮ ಮನ್ಯಾಗ ಅದೂ ಇಲ್ಲ. ನಾವು ಬಂದು 9 ವರ್ಷ ಆತು, ಗೌಂಡಿ ಕೆಲಸ, ನನ್ ಹೆಂಡ್ತಿ ಲಾಡ್ಕಿ ಬಹಿಣಿಗಿ ಅರ್ಜಿ ಹಾಕ್ಲಿಕ್ಕೆ ಹೋದ್ಳು, ಡೊಮಿಸೈಲ್ (ಇಲ್ಲಿನವರು ಅನ್ನೋ ಸರ್ಟಿಫಿಕೇಟ್) ಇಲ್ಲಂದ್ರ 15 ವರ್ಷ ಹಿಂದಿನ ರೇಷನ್ ಕಾರ್ಡ್ ಇಲ್ಲಾ ವೋಟರ್ ಕಾರ್ಡ್ ತಾ ಅಂದ್ರು, ಎಲ್ಲಿಂದ ತರಬೇಕ್ರಿ? ಊರಾಗ ಗೃಹಲಕ್ಷ್ಮಿ 2000 ಅದ, ಆದ್ರ ನಮ್ಮ ರೇಷನ್ ಕಾರ್ಡ್ ನಮ್ಮವ್ವನ ಹೆಸರಿಲೆ ಅದ, ಮನಿ ಯಜಮಾನ್ತಿ ಅಕಿನೇ, ಹಂಗಾಗಿ ಇಕಿಗಿ ಎಲ್ಲೂ ಇಲ್ಲ. ಬಸ್ಸಿನ ಟಿಕೆಟ್ಟಿಗಿ ಮಾತ್ರ ಯಾರೂ ಡೊಮಿಸೈಲ್ ಕೇಳಂಗಿಲ್ಲ ನೋಡ್ರಿ.

ಡೊಂಬಿವಲಿ ಟೀಚರ್:
1500ನ್ನ ಅಷ್ಟು ಹಗುರ ಮಾಡ್ಬೇಡಿ. ನನ್ನ ಪರಿಚಯದ ಒಬ್ಬರು ಮನೆಗೆಲಸಕ್ಕೆ ಹೋಗ್ತಾರೆ, ಮೊದಲ ಸಲ ಅವರದ್ದೇ ಹೆಸರಿನ ಅಕೌಂಟಿಗೆ ದುಡ್ಡು ಬಂತು, ಗಂಡನ್ನ ಕೇಳದೆ ಮಗಳಿಗೆ ಚಪ್ಪಲಿ ತಗೊಂಡ್ರು. ನನಗೆ ಬೇಜಾರಿರೋದು ಬೇರೆ ಕಡೆ. ಆ ಸ್ಕೀಮಿಗೆ ದುಡ್ಡು ಸಾಲದೆ ಈ ಮೇ ತಿಂಗಳಲ್ಲಿ ಸಾಮಾಜಿಕ ನ್ಯಾಯ ಇಲಾಖೆ, ಆದಿವಾಸಿ ಇಲಾಖೆ ಎರಡರಿಂದ ಸೇರಿ 700 ಕೋಟಿಗೂ ಹೆಚ್ಚು ತಿರುಗಿಸಿದ್ರು, ಸಾಮಾಜಿಕ ನ್ಯಾಯ ಮಂತ್ರಿ ಸಂಜಯ್ ಶಿರಸಾಟ್ ಅವರೇ ಬಹಿರಂಗವಾಗಿ ವಿರೋಧ ಮಾಡಿದ್ರು. ಸಾಮಾಜಿಕ ನ್ಯಾಯ ಅಂದ್ರೆ ದಲಿತ ಮಕ್ಕಳ ಹಾಸ್ಟೆಲ್, ಸ್ಕಾಲರ್‌ಶಿಪ್ ನೋಡ್ಕೊಳ್ಳೋ ಇಲಾಖೆ. ತಾಯಿಗೆ ಕೊಡೋಕೆ ಮಕ್ಕಳ ತಟ್ಟೆಯಿಂದ ಯಾಕೆ ತೆಗೀಬೇಕು?

ಪುಣೆ ಹಡಪ್ಸರ್:
ಸ್ಕೂಲ್ ವಿಷಯದಲ್ಲೂ ಇದೇ ಆಗಿದ್ದು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಪ್ರೈವೇಟ್ ಸ್ಕೂಲಲ್ಲಿ 25% ಸೀಟು ಬಡ ಮಕ್ಕಳಿಗೆ, ಫೀಸ್ ಸರ್ಕಾರ ತುಂಬಬೇಕು. ಸರ್ಕಾರ ತುಂಬಲಿಲ್ಲ, ಬಾಕಿ ಬೆಳೀತಾ ಹೋಯ್ತು, ಫೆಬ್ರವರಿ 2024ರಲ್ಲಿ ರೂಲ್ಸೇ ಬದಲಾಯಿಸಿ ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಶಾಲೆ ಇದ್ರೆ ಪ್ರೈವೇಟಿನವರು ಸೀಟು ಕೊಡೋದು ಬೇಡ ಅಂದ್ಬಿಟ್ರು. ಪುಣೆಯಂಥ ಊರಲ್ಲಿ ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಶಾಲೆ ಇಲ್ಲದ ಜಾಗ ಎಷ್ಟಿರುತ್ತೆ ಹೇಳಿ. ಪಾಲಕರು ಕೋರ್ಟಿಗೆ ಹೋದ್ರು, ಜುಲೈ 2024ರಲ್ಲಿ ಬಾಂಬೆ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಆದ್ರೆ ಅಡ್ಮಿಷನ್ ಟೈಮ್ ಕಾಯುತ್ತಾ? ನಮ್ಮ ಪಕ್ಕದ ಮನೆಯವರು ಅಷ್ಟೊತ್ತಿಗೆ ಸಾಲ ಮಾಡಿ ಬೇರೆ ಕಡೆ ಸೇರಿಸಿ ಆಗಿತ್ತು.

ಮಾಟುಂಗ ಹಿರಿಯರು:
ಭಾಂಡುಪಿನ ತಂಗೀ, ನೀನು ಕೇಳಿದ್ದು ಯಾರ ಹತ್ತಿರ ಕೇಳೋದು ಅಂತ. ಪಾಲಿಕೆಯ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಯು ಕಲಮಿನಲ್ಲೇ ಇದೆ. ಮೇ 6ಕ್ಕೆ ಸುಪ್ರೀಂ ಕೋರ್ಟ್ ನಾಲ್ಕು ತಿಂಗಳೊಳಗೆ ಮುಗಿಸಿ ಅಂದಿದೆ. ಅಲ್ಲಿವರೆಗೆ ಒಂದು ಕೆಲಸ ಮಾಡು. 10 ರೂಪಾಯಿ ಕೊಟ್ಟು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕು, ನಿಮ್ಮ ಭಾಂಡುಪ್ ಇರುವ ಎಸ್ ವಾರ್ಡಿಗೆ ಈ ವರ್ಷ ಎಷ್ಟು ಮಂಜೂರು, ಯಾವ ಕೆಲಸಕ್ಕೆ, ಎಷ್ಟು ಖರ್ಚು, ಇಷ್ಟೇ ಕೇಳು. 30 ದಿನದಲ್ಲಿ ಉತ್ತರ ಕೊಡಲೇಬೇಕು. ಮರಾಠಿಯಲ್ಲಿ ಬರೆಯೋದು ಕಷ್ಟ ಆದ್ರೆ ಹೇಳು, ನಾನು ಬರೆದು ಕೊಡ್ತೇನೆ.

ಭಾಂಡುಪ್ ಅಕ್ಕ:
ಅಂಕಲ್, ಮರಾಠಿ ಮಗಳಿಗೆ ಬರ್ತದೆ, ಅವಳೇ ಬರೀತಾಳೆ, ಸೋಮವಾರ ಊಟದ ಡಬ್ಬದ ಕೆಲಸ ಮುಗಿಸಿ ವಾರ್ಡ್ ಆಫೀಸಿಗೆ ಹೋಗ್ತೇನೆ. ಯಾದಗಿರಿ ಅಣ್ಣ, ನಿಮ್ಮದು ಎಂ ಈಸ್ಟ್ ವಾರ್ಡ್ ಅಲ್ವಾ, ನಿಮ್ಮ ವಾರ್ಡಿಂದೂ ಒಂದು ಅರ್ಜಿ ಹಾಕಿ, ಎರಡೂ ಉತ್ತರ ಬಂದ ಮೇಲೆ ಪಕ್ಕ ಪಕ್ಕ ಇಟ್ಟು ನೋಡುವ.