ಹಂಚಿನ ಮನೆ ಗಟರ್ ತುಂಬಿ ಗೋಡೆಗೆ ನೀರು, ಮಳೆ ಹಿಡಿಯೋ ಮೊದ್ಲು ಏನ್ ಮಾಡ್ಬೋದು?

ಮಾದಾಪುರದ_ಮನೆ:
ಎಲ್ರಿಗೂ ನಮಸ್ಕಾರ. ಕೊಡಗಿನ ಮಾದಾಪುರ ಹತ್ರ ನಮ್ದು ಹಳೇ ಮಂಗಳೂರು ಹಂಚಿನ ಮನೆ, ಹಿಂದೆ ಅಡುಗೆಮನೆಗೆ ಮಾತ್ರ ಶೀಟು. ಸುತ್ತ 6 ಇಂಚಿನ ಪಿವಿಸಿ ಗಟರ್ ಹಾಕ್ಸಿದೀವಿ. ಮೊದ್ಲೆಲ್ಲ ಚೆನ್ನಾಗೇ ಇತ್ತು, ಹೋದ ಮಳೆಗಾಲದಲ್ಲಿ ಮಾತ್ರ ಜೋರು ಮಳೆ ಬಂದಾಗೆಲ್ಲ ನೀರು ಪೈಪಿಗೆ ಹೋಗದೆ ಮಧ್ಯದಲ್ಲೇ ಉಕ್ಕಿ ಗೋಡೆ ಮೇಲೆ ಸುರೀತಿತ್ತು, ರೂಮಿನ ಗೋಡೆ ಒಳಗಡೆ ಎಲ್ಲ ಕಪ್ಪು ಬೂಸ್ಟು ಹಿಡಿದಿದೆ, ಅತ್ತೆಗೆ ಕೆಮ್ಮು ಬೇರೆ. ಮನೆ ಪಕ್ಕದಲ್ಲೇ ಸಿಲ್ವರ್ ಓಕ್ ಸಾಲಿದೆ, ಎಲೆ ಬೀಳೋದು ನಿಲ್ಲೋದೇ ಇಲ್ಲ. ಅಂಗಡಿಯವ್ರು ಮೇಲೆ ಮೆಷ್ ಹಾಕ್ಸಿ, ಆಮೇಲೆ ಹತ್ತೋ ಕೆಲ್ಸಾನೇ ಇರಲ್ಲ ಅಂತಾರೆ. ಹಾಕ್ಸೋದಾ? ಇನ್ನೊಂದು, ಇಳಿಯೋ ಪೈಪ್ ಎರಡೇ ಇರೋದು, ಒಂದು ಮುಂದೆ ಚರಂಡಿಗೆ, ಇನ್ನೊಂದು ಅಡುಗೆಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಕಡೆಗೆ ಬಿಟ್ಟಿದೀವಿ. ಮೂರನೇದು ಬೇಕಾ? ಯಾರಾದ್ರೂ ಗೊತ್ತಿರೋರು ಹೇಳಿ.

ಸುಂಟಿಕೊಪ್ಪ_ಕಾಫಿ:
ಅಕ್ಕ, ಮೆಷ್‌ಗೆ ದುಡ್ಡು ಹಾಕ್ಬೇಡಿ. ಹಲಸು, ಮಾವಿನಂಥ ಅಗಲದ ಎಲೆ ಆದ್ರೆ ಮೆಷ್ ಮೇಲೆ ಒಣಗಿ ಗಾಳಿಗೆ ಹಾರ್ಹೋಗತ್ತೆ. ಸಿಲ್ವರ್ ಓಕ್ ಎಲೆ ಸೀಳು ಸೀಳಾಗಿರತ್ತಲ್ಲ, ಅದು ಮೆಷ್ ತೂತಿಗೆ ಸಿಕ್ಕಿ ಹಾಕ್ಕೊಂಡು ಒಂದರ ಮೇಲೊಂದು ಕೂತು ಚಾಪೆ ಥರ ಆಗತ್ತೆ, ಆಮೇಲೆ ಮಳೆ ನೀರು ಗಟರ್ ಒಳಗೇ ಇಳಿಯಲ್ಲ, ಮೇಲಿಂದಾನೇ ಜಾರಿ ಹೊರಗೆ ಬೀಳತ್ತೆ. ಆವಾಗ ಮೆಷ್ ಬಿಚ್ಚಿ ಕ್ಲೀನ್ ಮಾಡೋದು ಡಬಲ್ ಕೆಲ್ಸ. ಅದರ ಬದ್ಲು ಪೈಪ್ ಶುರುವಾಗೋ ಬಾಯಿಗೆ ಮಾತ್ರ ಕೋಳಿ ಮೆಷ್‌ನ ಉಂಡೆ ಮಾಡಿ, ಮೇಲಕ್ಕೆ ಉಬ್ಬಿರೋ ಹಾಗೆ ಇಡಿ, ಪೈಪ್ ಒಳಗೆ ಕಟ್ಕೊಳ್ಳೋದು ತಪ್ಪತ್ತೆ.

ಇನ್ನು ಉಕ್ಕೋದಕ್ಕೆ ಎಲೆ ಒಂದೇ ಕಾರಣ ಅಂತ ನಂಗನ್ಸಲ್ಲ. ಮಧ್ಯದಲ್ಲಿ ಉಕ್ತಿದೆ ಅಂದ್ರೆ ಅಲ್ಲಿ ಗಟರ್ ಜಗ್ಗಿರ್ಬೇಕು. ಪಿವಿಸಿ ಬಿಸಿಲಿಗೆ ಬಳುಕತ್ತೆ, ಒದ್ದೆ ಕಸ ತುಂಬಿದ್ರೆ ತೂಕಕ್ಕೆ ಕ್ಲಾಂಪ್ ಸಡಿಲ ಆಗತ್ತೆ. ಕ್ಲೀನ್ ಮಾಡಿದ್ಮೇಲೆ ಒಂದು ಬಕೆಟ್ ನೀರು ಪೈಪ್ ಇಲ್ದಿರೋ ತುದಿಯಿಂದ ಸುರಿದು ನೋಡಿ, ಎಲ್ಲಿ ನಿಲ್ಲತ್ತೋ ಅಲ್ಲೇ ಜಗ್ಗಿರೋದು. 10 ಅಡಿಗೆ ಅರ್ಧ ಇಂಚು ಇಳಿಜಾರು ಇರ್ಬೇಕು, ನೂಲು ಕಟ್ಟಿ ನೀರು ತುಂಬಿದ ಟ್ಯೂಬ್ ಲೆವೆಲ್‌ನಲ್ಲಿ ನೋಡಿದ್ರೆ ಗೊತ್ತಾಗತ್ತೆ. ಕ್ಲಾಂಪ್ 2 ಅಡಿಗೊಂದು ಹಾಕ್ಸಿ, ನಮ್ಮ ಮಳೆಗೆ 3 ಅಡಿ ಅಂತರ ಸಾಲಲ್ಲ. ಕ್ಲಾಂಪ್ ಹೊಡೆಯೋ ಮುಂಚೆ ಪಕ್ಕಾಸಿನ (ಹಂಚು ಹೊರೋ ಮರದ ಪಟ್ಟಿ) ತುದಿ ಕೊಳೆತಿದ್ಯಾ ಅಂತ ಚಾಕು ಚುಚ್ಚಿ ನೋಡಿ, ಮೆತ್ತಗಿದ್ರೆ ಸ್ಕ್ರೂ ಹಿಡಿಯಲ್ಲ.

ಮೂರನೇ ಪೈಪ್ ಬೇಕಾ ಅಂದ್ರಲ್ಲ, ಲೆಕ್ಕ ಹಾಕಿ. 1000 ಚದರಡಿ ಮಾಡಿನ (ಛಾವಣಿ) ಮೇಲೆ 1 ಇಂಚು ಮಳೆ ಬಿದ್ರೆ ಸುಮಾರು 2,350 ಲೀಟರ್ ನೀರು. ಜುಲೈನಲ್ಲಿ ಒಂದೇ ದಿನ 5 ಇಂಚಿನ ಮೇಲೆ ಬರೋದು ನಮಗೇನು ಹೊಸದಲ್ವಲ್ಲ, ಹನ್ನೊಂದು ಸಾವಿರ ಲೀಟರ್ ಮೇಲಾಯ್ತು, ಅದೂ ಹೆಚ್ಚಿನ ಪಾಲು ಒಂದೆರಡು ಗಂಟೇಲಿ ಸುರಿದ್ರೆ ಎರಡು ಪೈಪ್ ತಡ್ಕೊಳ್ಳಲ್ಲ. ಈಗಿರೋದು 3 ಇಂಚಿಂದಾದ್ರೆ 4 ಇಂಚಿಗೆ ಬದಲಾಯ್ಸಿ, ಆಮೇಲೂ ಉಕ್ಕಿದ್ರೆ ಮೂರನೇದು ನೋಡಿ.

ಹಳೇ_ಐನ್‌ಮನೆ:
ನಾನೊಂದು ಬೇರೆ ಮಾತು ಹೇಳ್ತೀನಿ, ಬೈಬೇಡಿ. ಗಟರ್ ತೆಗೆದು ಬಿಸಾಕಿ. ನಮ್ಮ ಕಡೆ ಹಳೇ ಮನೆಗಳಿಗೆ ಎಲ್ಲಿತ್ತು ಗಟರ್? ಬಾಗಿಲ ಮುಂದೆ ನೀರು ತಲೆ ಮೇಲೆ ಬೀಳ್ದೆ ಇರ್ಲಿ ಅಂತ ಒಂದು ಅಡಿಕೆ ದಂಬೆ (ಸೀಳಿದ ಅಡಿಕೆ ಮರ) ಕಟ್ತಿದ್ರು, ಅಷ್ಟೇ. ಸೂರು ಉದ್ದಕ್ಕೆ ಹೊರಗೆ ಚಾಚಿರೋದು, ನೀರು ಗೋಡೆಯಿಂದ ದೂರ ಬೀಳೋದು, ಬೀಳೋ ಜಾಗದಲ್ಲಿ ಕಲ್ಲು ಹಾಸಿ ಸಣ್ಣ ಕಾಲುವೆ. ಕ್ಲೀನ್ ಮಾಡೋ ತಲೆನೋವೇ ಇರ್ಲಿಲ್ಲ. ಈಗ ಸೂರು ಒಂದೂವರೆ ಅಡಿಗೆ ನಿಲ್ಸಿ, ಆಮೇಲೆ ಗೋಡೆ ನೆನೀತು ಅಂತ ಗಟರ್ ಕಟ್ಟಿ, ಅದನ್ನ ಕ್ಲೀನ್ ಮಾಡೋಕೆ ಜನ ಹುಡುಕೋದು.

ಸುಂಟಿಕೊಪ್ಪ_ಕಾಫಿ:
ಅಂಕಲ್, ನಿಮ್ಮ ಮಾತು ಸರಿ, ಆದ್ರೆ ಅಕ್ಕನ ಮನೆ ಸೂರು ಎಷ್ಟುದ್ದ ಇದ್ಯೋ ಏನೋ. ಗಿಡ್ಡ ಸೂರಿಗೆ ಗಟರ್ ತೆಗೆದ್ರೆ ಗಾಳಿ ಮಳೆಗೆ ಪೂರ್ತಿ ಗೋಡೆ ಹೋಗತ್ತೆ. ಸೂರು ಮೂರಡಿ ಮೇಲಿದ್ರೆ ಯೋಚ್ನೆ ಮಾಡ್ಬೋದು.

ಕುಶಾಲನಗರ_ವೈರಿಂಗ್:
ಯಾರೂ ಏಣಿ ವಿಷಯ ಹೇಳ್ಲಿಲ್ಲ. ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ಮನೇಲಿದೆ ಅಂತ ಅದನ್ನೇ ತಂದು ಒರಗಿಸ್ಬೇಡಿ ದಯವಿಟ್ಟು. ಕಂಬದಿಂದ ಮೀಟರ್‌ಗೆ ಬರೋ ಸರ್ವಿಸ್ ವೈರ್ ಹೆಚ್ಚಿನ ಮನೇಲಿ ಸೂರಿನ ಹತ್ರಾನೇ ಹಾದ್ಹೋಗತ್ತೆ, ಹಳೇ ವೈರಾದ್ರೆ ಸಿಪ್ಪೆ ಎದ್ದಿರತ್ತೆ. ತೋಟಗಳಲ್ಲಿ ಏಣಿ ಲೈನಿಗೆ ತಾಗಿ ಜೀವ ಹೋಗಿರೋದು ಎಲ್ರೂ ಪೇಪರ್‌ನಲ್ಲಿ ಓದಿರ್ತೀರ. ಬಿದಿರಿನ ಏಣಿ ಒಣಗಿರೋದು ತಗೊಳ್ಳಿ, ಕೆಳಗೆ ಒಬ್ರು ಹಿಡ್ಕೊಂಡಿರ್ಲಿ, ಗಟರ್‌ಗೇ ಒರಗಿಸ್ಬೇಡಿ ಒಡೆಯತ್ತೆ. ಹಂಚಿನ ಮೇಲೆ ಹತ್ತೋದೇ ಬೇಡ, ಪಾಚಿ ಹಿಡಿದಿದ್ರಂತೂ ಜಾರೋದು ಗ್ಯಾರಂಟಿ. ಕೈಗೆ ದಪ್ಪ ಗ್ಲೌಸ್ ಹಾಕ್ಕೊಳ್ಳಿ, ಒಣಗಿದ ಎಲೆ ಒಳಗೆ ಚೇಳು ಇರತ್ತೆ, ಕಣಜದ ಗೂಡೂ ಇರ್ಬೋದು.

ಮಕ್ಕಂದೂರು_ಕಡೆಯವ:
ಅಕ್ಕ, ನೀವು ಹೋಗ್ತಾ ಹೋಗ್ತಾ ಒಂದು ಮಾತು ಹೇಳಿ ಬಿಟ್ರಿ, ಎಲ್ರೂ ಅದನ್ನ ದಾಟ್ಕೊಂಡು ಹೋದ್ರು. ಅಡುಗೆಮನೆ ಹಿಂದಿನ ಪೈಪ್ ಬರೆ ಕಡೆಗೆ ಬಿಟ್ಟಿದೀವಿ ಅಂದ್ರಲ್ಲ, ಬರೆ ಮನೆಗಿಂತ ಮೇಲಿದ್ಯಾ ಕೆಳಗಿದ್ಯಾ? ಮೇಲಿದ್ರೆ ನೀರು ಅದರ ಬುಡಕ್ಕೆ ಇಂಗಿ ಬುಡ ಸಡಿಲ ಆಗತ್ತೆ. ಕೆಳಗಿದ್ರೆ ಅಂಚಲ್ಲಿ ಕೊರೆದು ಮನೆ ನಿಂತಿರೋ ಮಣ್ಣನ್ನೇ ತಗೊಂಡ್ಹೋಗತ್ತೆ. ಗಟರ್ ಚೆನ್ನಾಗಿ ಕೆಲ್ಸ ಮಾಡಿದಷ್ಟೂ ಅರ್ಧ ಮಾಡಿನ ನೀರು ಒಂದೇ ಜಾಗಕ್ಕೆ ಬೀಳತ್ತೆ, ಅದೇ ಅಪಾಯ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ, ನಿಮ್ಮ ಕಡೆ ಗುಡ್ಡ ಕುಸಿದು ಏನಾಯ್ತು ಅಂತ ನಾನು ಹೇಳ್ಬೇಕಿಲ್ಲ. ಅದೆಲ್ಲ ಗಟರ್ ನೀರಿಂದ ಆಗಿದ್ದಲ್ಲ ನಿಜ, ಆದ್ರೆ ಮೊದ್ಲೇ ನೆನೆದಿರೋ ಬರೆಗೆ ನಾವಾಗೇ ನೀರು ಕುಡಿಸ್ಬಾರ್ದು. ಗೋಡೆ ಬೂಸ್ಟು ಆಮೇಲೆ ನೋಡ್ಕೋಬೋದು, ಮೊದ್ಲು ಆ ಪೈಪಿಗೆ ಇನ್ನೆರಡು ಲೆಂತ್ ಜೋಡ್ಸಿ ಸಿಮೆಂಟ್ ಚರಂಡಿಗೋ ತೋಡಿಗೋ ಬಿಡಿ. ಬರೇಲಿ ಬಿರುಕು ಕಂಡ್ರೆ, ಮರ ಓರೆ ಆಗಿದ್ರೆ ಪಂಚಾಯ್ತಿಗೆ ತಿಳ್ಸಿ, ಜೋರು ಮಳೆ ದಿನ ಆ ಕೋಣೇಲಿ ಮಲಗ್ಬೇಡಿ.

ಮಾದಾಪುರದ_ಮನೆ:
ಅಯ್ಯೋ ಬರೆ ಮೇಲ್ಗಡೆನೇ ಇರೋದು ಅಣ್ಣ, ಎರಡಾಳು ಎತ್ತರ. ಈಗ ಹೋಗಿ ನೋಡ್ದೆ, ಪೈಪ್ ನೀರು ಬೀಳೋ ಜಾಗದಲ್ಲಿ ಬುಡ ಒಳಕ್ಕೆ ಗುಳಿ ಬಿದ್ದಿದೆ, ಬಿರುಕೇನೂ ಕಾಣ್ಲಿಲ್ಲ. ಪಕ್ಕದ ತೋಡಿಗೆ ಸುಮಾರು 40 ಅಡಿ ಆಗತ್ತೆ. ಸೂರು ಎರಡಡೀನೂ ಇಲ್ಲ, ಹಾಗಾಗಿ ಅಂಕಲ್, ಗಟರ್ ತೆಗೆಯೋ ಹಾಗಿಲ್ಲ. ಅಷ್ಟುದ್ದ ಪೈಪ್ ಎಳೆದ್ರೆ ಮಧ್ಯ ಎಲ್ಲಾದ್ರೂ ಕಟ್ಕೊಂಡ್ರೆ ಏನ್ ಮಾಡೋದು?

ಸುಂಟಿಕೊಪ್ಪ_ಕಾಫಿ:
ತಿರುವು ಇರೋ ಕಡೆ ಎಲ್ಲ ಎಲ್ಬೋ ಬದ್ಲು T ಆಕಾರದ ಟೀ ಜೋಡಣೆ ಹಾಕಿ, ಖಾಲಿ ಬಾಯಿಗೆ ತಿರುಗ್ಸಿ ಬಿಚ್ಚೋ ಮುಚ್ಚಳ ಹಾಕಿ, ಗಮ್ ಹಾಕಿ ಅಂಟಿಸ್ಬೇಡಿ. ಕಟ್ಕೊಂಡ್ರೆ ಅಲ್ಲಿಂದ ಹೋಸ್ ಪೈಪ್ ತೂರ್ಸಿ, ಕೆಳಗಿನ ತುದಿಯಿಂದ ಮೇಲಕ್ಕೆ ತಳ್ಳಿದ್ರೆ ಬೇಗ ಬಿಡತ್ತೆ, ಮೇಲಿಂದ ತಳ್ಳಿದ್ರೆ ಇನ್ನೂ ಗಟ್ಟಿ ಕೂರತ್ತೆ. ಸಿಲ್ವರ್ ಓಕ್ ಬೇಸಿಗೇಲೇ ಜಾಸ್ತಿ ಉದುರ್ಸೋದು, ಹಾಗಾಗಿ ಮೇ ಕೊನೇಲಿ ಒಂದ್ಸಲ ಪೂರ್ತಿ ತೆಗೀರಿ, ಆಮೇಲೆ ಕಕ್ಕಡದಲ್ಲಿ (ಜುಲೈ-ಆಗಸ್ಟ್) ಮಳೆ ಸ್ವಲ್ಪ ಬಿಟ್ಟ ದಿನ ಇನ್ನೊಂದ್ಸಲ, ಗಾಳಿಗೆ ಬಿದ್ದ ಸಣ್ಣ ಕೊಂಬೆ ಇರತ್ತೆ. ಮಳೆ ನಿಂತ್ಮೇಲೆ ಮೂರನೇ ಸಲ ಮಾಡಿದ್ರೆ ನೀರು ನಿಂತು ಸೊಳ್ಳೆ ಆಗಲ್ಲ. ತೆಗೆದ ಕಪ್ಪು ಗೊಬ್ಬರ ಬಿಸಾಕ್ಬೇಡಿ, ಮೆಣಸಿನ ಬುಡಕ್ಕೆ ಹಾಕಿ.

ಹಳೇ_ಐನ್‌ಮನೆ:
ಎರಡಡಿ ಸೂರಿಗೆ ಆಯ್ತು ಇಟ್ಕೊಳ್ಳಿ. ಮುಂದಿನ ಸಲ ಪಕ್ಕಾಸು ಬದಲಾಯ್ಸೋವಾಗ ಸೂರು ಉದ್ದ ಮಾಡ್ಸಿ ಮಾರಾಯ್ತಿ.