ಸೋಲಾರ್‌ಗೆ ಜಮೀನು ಗುತ್ತಿಗೆ: ವಕೀಲರನ್ನು ಕೇಳಿ (ರೈತರ ಗುಂಪಿನ ಚಾಟ್)

ಚಳ್ಳಕೆರೆ ರೈತ: ಸರ್, ತಾತನಿಗೆ ಸರ್ಕಾರದಿಂದ ಮಂಜೂರಾದ 4 ಎಕರೆ ಇದೆ. ನಾವು ಎಸ್ಸಿ. ಸೋಲಾರ್ ಕಂಪನಿ ಏಜೆಂಟ್ 28 ವರ್ಷದ ಗುತ್ತಿಗೆ ಪತ್ರ, ಜಿಪಿಎ (ನಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಎರಡೂ ತಂದಿದ್ದಾನೆ. ಸೋಮವಾರ ಅಡ್ವಾನ್ಸ್ ಅಂತೆ. ಸಹಿ ಹಾಕಬಹುದಾ?

ವಕೀಲರು: ಹಾಕಬೇಡಿ. ನಿಮ್ಮದು 1978ರ ಪಿಟಿಸಿಎಲ್ ಕಾಯ್ದೆಗೆ, ಅಂದರೆ ಎಸ್ಸಿ, ಎಸ್ಟಿಯವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆಗೆ ಬರುವ ಜಮೀನು. ಅಲ್ಲಿ ಪರಭಾರೆ ಅಂದರೆ ಮಾರಾಟ ಮಾತ್ರ ಅಲ್ಲ, ಗುತ್ತಿಗೆ, ಅಡಮಾನವೂ ಸೇರುತ್ತೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಗುತ್ತಿಗೆ ಊರ್ಜಿತವಾಗಲ್ಲ. 'ಅನುಮತಿ ಆಮೇಲೆ ನಾವೇ ಮಾಡಿಸ್ತೀವಿ' ಅಂದರೆ ಒಪ್ಪಬೇಡಿ. ಮಂಜೂರಾತಿ ಆದೇಶ, ಸಾಗುವಳಿ ಚೀಟಿ ಹುಡುಕಿ. ಸಿಗದಿದ್ದರೆ ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ. ನನಗೆ ಜಾಸ್ತಿ ಭಯ ಆ ಜಿಪಿಎ ಬಗ್ಗೆ. 'ಅಡಮಾನ ಮಾಡುವ ಅಧಿಕಾರ' ಅಂತ ಒಂದು ಸಾಲು ಒಳಗೆಲ್ಲೋ ಇರುತ್ತೆ, ನೋಡಿ. ಕಂಪನಿಯ ಸಾಲಕ್ಕೆ ನಿಮ್ಮ ಹೊಲ ಅಡ ಹೋಗುತ್ತೆ. ಪೌತಿ ಖಾತೆ (ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ) ಆಗಿದೆಯಾ? ಸೋದರತ್ತೆಯರಿದ್ದಾರಾ?

ಚಳ್ಳಕೆರೆ ರೈತ: ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ ಸರ್. ಇಬ್ಬರು ಅತ್ತೆಯರು.

ವಕೀಲರು: ಹಾಗಾದರೆ ಅತ್ತೆಯರೂ ವಾರಸುದಾರರೇ, ನೀವೊಬ್ಬರೇ ಸಹಿ ಹಾಕೋಕೆ ಬರೋದೇ ಇಲ್ಲ. ಕಾಗದ ತಗೊಂಡು ಬನ್ನಿ.

ಹಿರಿಯೂರು ಸದಸ್ಯ: ಎಕರೆಗೆ ಎಷ್ಟು ಕೇಳಬೇಕು ಸರ್?

ವಕೀಲರು: ಕಳೆದ ವಾರ ಹೇಳಿದ್ದೀನಿ. ಹುಡುಕಿ.

ಸಿರಾ ಸದಸ್ಯ: ಫಾರ್ವರ್ಡ್ ಬಂದಿದೆ: '11 ತಿಂಗಳ ಅಗ್ರಿಮೆಂಟ್ ಮಾಡಿ, ನೋಟರಿ ಸಾಕು, ನೋಂದಣಿ ಖರ್ಚು ಉಳಿಸಿ. ಎಲ್ಲ ರೈತರಿಗೂ ಕಳಿಸಿ.'

ವಕೀಲರು: ಯಾರಿಗೂ ಕಳಿಸಬೇಡಿ. ಅದು ಬಾಡಿಗೆ ಮನೆ ಲೆಕ್ಕ. ಒಂದು ವರ್ಷಕ್ಕಿಂತ ಜಾಸ್ತಿ ಗುತ್ತಿಗೆಗೆ ನೋಂದಣಿ ಕಡ್ಡಾಯ. ಕಂಪನಿ ದುಡ್ಡು ನಿಲ್ಲಿಸಿದರೆ ಈ ಫಾರ್ವರ್ಡ್ ಹಿಡ್ಕೊಂಡು ಕೋರ್ಟಿಗೆ ಹೋಗ್ತೀರಾ?

ಕೊಪ್ಪಳ ಸದಸ್ಯ: ರೈತರೇ ಸ್ವಂತ ಜಮೀನಲ್ಲಿ ಸೋಲಾರ್ ಪ್ಲಾಂಟ್ ಹಾಕಿ ಕರೆಂಟ್ ಮಾರೋ ಯೋಜನೆಯಲ್ಲಿ ನಮ್ಮ ಪ್ಲಾಂಟಿಗೆ ಯುನಿಟ್‌ಗೆ 8.40 ರೂಪಾಯಿ ಒಪ್ಪಂದ. ಭೂಪರಿವರ್ತನೆ ತಡವಾಯ್ತು ಅಂತ ದರ ಕಡಿತ.

ವಕೀಲರು: ತಡ ಕಚೇರಿಯದ್ದಾದರೆ ವಾದ ಇದೆ. ಹಿರೇಹಳ್ಳಿ ಸೋಲಾರ್ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಅದೇ 8.40 ಉಳಿಸಿತು. ಭೂಪರಿವರ್ತನೆಗೆ ಅರ್ಜಿ ಹಾಕಿದ ಸ್ವೀಕೃತಿ ಬೇಕು.

ಪಾವಗಡ ಸದಸ್ಯ: ನಮ್ಮ ಸೋಲಾರ್ ಪಾರ್ಕಲ್ಲಿ ಎಕರೆಗೆ ವರ್ಷಕ್ಕೆ 21,000ದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಜಾಸ್ತಿ. ಶೇಂಗಾ ಬಿತ್ತಿದ್ದರೆ ಬೀಜದ ದುಡ್ಡೂ ಬರ್ತಿರಲಿಲ್ಲ.

ಮಧುಗಿರಿ ಸದಸ್ಯ: ಜಮೀನಿದ್ದೋರಿಗೆ ಸರಿ. ಕೂಲಿಯವರು, ಕುರಿಯವರು ಏನು ಮಾಡಬೇಕು? ಎರಡು ವರ್ಷಕ್ಕೆ ಶೇ 5 ಅಂದರೆ ಗೊಬ್ಬರದ ಚೀಲಕ್ಕೂ ಸಾಲಲ್ಲ.

ಪಾವಗಡ ಸದಸ್ಯ: ಹೊಲದಲ್ಲಿ ಪ್ಯಾನೆಲ್ ಇದೆ, ಗೊಬ್ಬರ ಯಾಕ್ರೀ?

ಸಿರಾ ಸದಸ್ಯ: ಗುತ್ತಿಗೆ ಮುಗಿದ ಮೇಲೆ ಕಾಂಕ್ರೀಟ್ ಕಂಬ ಕೀಳೋರು ಯಾರು ಸರ್?

ಮಧುಗಿರಿ ಸದಸ್ಯ: ಪಾವಗಡದವರೇ, ನಿಮ್ಮದು ಎಷ್ಟು ಎಕರೆ ಕೊಟ್ಟಿದ್ದೀರಿ ಅಂತ ಮೊದಲು ಹೇಳ್ರೀ.

ಪಾವಗಡ ಸದಸ್ಯ: ನಿಮಗ್ಯಾಕೆ?

ವಕೀಲರು: ಜಗಳ ಬೇರೆ ಕಡೆ ಇಟ್ಕೊಳ್ಳಿ. ಚಳ್ಳಕೆರೆಯವರು ಸೋಮವಾರಕ್ಕೆ ಮುಂಚೆ ಫೋನ್ ಮಾಡಿ. ಉಳಿದವರಿಗೆ ಮುಂದಿನ ವಾರ.